ಇಟಲಿ ಪ್ರವಾಸಕ್ಕೆ ಗೈಡ್‌ಬುಕ್ ಆರಿಸುವ ಬಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಇಟಲಿಗೆ ಹೊರಟವರು ವಿಮಾನದ ಟಿಕೆಟ್ ದರವನ್ನು ವಾರಗಟ್ಟಲೆ ನೋಡುತ್ತಾರೆ, ಒಂದೊಂದು ಹೋಟೆಲಿಗೂ ಹತ್ತಾರು ರಿವ್ಯೂ ಓದುತ್ತಾರೆ. ಗೈಡ್‌ಬುಕ್ ವಿಷಯಕ್ಕೆ ಬಂದರೆ ಮಾತ್ರ ಅಂಗಡಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದುಬಿಡುತ್ತಾರೆ. ಅಲ್ಲಿಗೆ ಹೋದ ಮೇಲೆ ಬೆಳಗ್ಗೆ ಎದ್ದು ಯಾವ ಕಡೆ ಹೊರಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಬಿಟ್ಟರೂ ಪರವಾಗಿಲ್ಲ ಅನ್ನುವುದನ್ನೆಲ್ಲ ತೀರ್ಮಾನಿಸುವುದು ಅದೇ ಪುಸ್ತಕ. ಹಾಗಾಗಿ ಅದನ್ನು ಆರಿಸಲು ಒಂದು ಸಂಜೆಯಾದರೂ ಕೊಡಿ.

ಫೋನ್ ಇರುವಾಗ ಪುಸ್ತಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಫೋನಿನಲ್ಲಿ ಹುಡುಕಬೇಕಾದರೆ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು, ಅಲ್ವಾ? ಇಟಲಿಯಲ್ಲಿ 20 ಪ್ರಾಂತ್ಯಗಳಿವೆ. ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಅತಿ ಹೆಚ್ಚು ತಾಣಗಳಿರುವ ದೇಶವೂ ಅದೇ. ಇಷ್ಟೆಲ್ಲ ತುಂಬಿರುವ ಕಡೆ ಮಾಹಿತಿಗೆ ಬರವಿಲ್ಲ. ಎಲ್ಲವನ್ನೂ ನೋಡಿ ಬಂದ ಒಬ್ಬರು ಪಕ್ಕದಲ್ಲಿ ಕೂತು, ಇದನ್ನು ನೋಡಿ, ಇದನ್ನು ಬಿಡಿ, ಇಲ್ಲಿಗೆ ಬೆಳಗ್ಗೆಯೇ ಹೋಗಿ ಅಂತ ಹೇಳುವುದೇ ಕಷ್ಟಕ್ಕೆ ಸಿಗುವ ವಸ್ತು. ಅದನ್ನು ಯಾವ ಪುಸ್ತಕ ಚೆನ್ನಾಗಿ ಮಾಡುತ್ತದೋ ಅದು ನಿಮ್ಮ ಪುಸ್ತಕ. ಕೆಳಗಿನ ಹಂತಗಳೆಲ್ಲ ಅದನ್ನು ಪತ್ತೆ ಮಾಡುವುದಕ್ಕೆ.

ಹಂತ 1: ಮೊದಲು ದಾರಿ, ಆಮೇಲೆ ಪುಸ್ತಕ

ಒಂದು ಹಾಳೆ ತೆಗೆದುಕೊಂಡು ಎಷ್ಟು ದಿನ, ಯಾವ ಊರುಗಳು, ಊರಿಂದ ಊರಿಗೆ ಯಾವುದರಲ್ಲಿ ಅಂತ ಬರೆಯಿರಿ. ಕಚ್ಚಾ ಆಗಿದ್ದರೂ ಸಾಕು. ಇದನ್ನು ಬರೆಯದೆ ಪುಸ್ತಕ ನೋಡಲು ಹೋಗಬೇಡಿ. ಯಾಕೆಂದರೆ ಇಡೀ ಇಟಲಿಯ ಪುಸ್ತಕ ಅಂದರೆ ಸಾಮಾನ್ಯವಾಗಿ ಇಟ್ಟಿಗೆಯಷ್ಟು ದಪ್ಪ, ಅದರಲ್ಲಿ ನೀವು ತೆರೆಯುವುದು ಕೆಲವೇ ಅಧ್ಯಾಯ.

ಮೊದಲ ಸಲ ಹೋಗುವವರ ದಾರಿ ಹೆಚ್ಚಾಗಿ ರೋಮ್, ಫ್ಲಾರೆನ್ಸ್, ವೆನಿಸ್. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗೆ ಸ್ವಲ್ಪ ಮೇಲೆ. ಈ ದಾರಿಯಲ್ಲಿ ನಡುವೆ ಇಳಿದು ನೋಡುವ ಊರುಗಳೂ ಇವೆ: ಒರ್ವಿಯೆತೊ, ಬೊಲೋನ್ಯಾ, ಪಾದುವಾ. ಮೂರು ಊರಿಗೆ ಮೂರು ಬೇರೆ ಪುಸ್ತಕ ಕೊಂಡರೆ ನಡುವಿನ ಊರುಗಳೆಲ್ಲ ಮಾಯ. ಇಂಥ ದಾರಿಗೆ ದೇಶದ ಪುಸ್ತಕವೇ ಸರಿ.

ಒಂದೇ ಪ್ರಾಂತ್ಯದಲ್ಲಿ ವಾರ ಕಳೆಯುವವರ ಲೆಕ್ಕ ಬೇರೆ. ಟಸ್ಕನಿ, ಸಿಸಿಲಿ, ಪುಲ್ಯಾ ಇವುಗಳಲ್ಲಿ ಯಾವುದೇ ಆದರೂ ದೇಶದ ಪುಸ್ತಕ ಅದಕ್ಕೆ ಕೊಡುವ ಜಾಗ ಸಾಲದು. ದಕ್ಷಿಣಕ್ಕೆ ಹೋದಷ್ಟೂ ಈ ಕೊರತೆ ಜಾಸ್ತಿ ಕಾಣುತ್ತದೆ. ಮತೇರಾ ಊರನ್ನೇ ತೆಗೆದುಕೊಳ್ಳಿ. ಬಂಡೆ ಕೊರೆದು ಮಾಡಿದ ಅದರ ಹಳೆಯ ಮನೆಗಳ ಬಡಾವಣೆ 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 2019ರಲ್ಲಿ ಆ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಗಿತ್ತು. ಆದರೆ ವೇಗದ ರೈಲು ಅಲ್ಲಿಗೆ ಹೋಗುವುದಿಲ್ಲ. ಬಾರಿ ಅನ್ನುವ ನಗರದಿಂದ ಬೇರೊಂದು ಕಂಪನಿಯ ಚಿಕ್ಕ ಗೇಜ್ ರೈಲು ಹಿಡಿಯಬೇಕು, ಅದರ ನಿಲ್ದಾಣವೂ ಬೇರೆ. ಇದನ್ನು ಬಿಡಿಸಿ ಹೇಳುವ ಪುಸ್ತಕಕ್ಕೂ, 'ಬಾರಿಯಿಂದ ಸುಲಭವಾಗಿ ತಲುಪಬಹುದು' ಅಂತ ಒಂದು ಸಾಲು ಬರೆದು ಮುಗಿಸುವ ಪುಸ್ತಕಕ್ಕೂ ಇರುವ ಅಂತರ ನಿಮಗೆ ಗೊತ್ತಾಗುವುದು ಲಗೇಜ್ ಹಿಡಿದು ಬಾರಿಯ ರಸ್ತೆಯಲ್ಲಿ ನಿಂತಾಗ.

ಒಂದೇ ಊರಿನಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇರುವವರು ಆ ಊರಿನದೇ ಪುಸ್ತಕ ತೆಗೆದುಕೊಳ್ಳಿ. ಕಿಸೆಯಲ್ಲಿ ಹಿಡಿಯುವ ಚಿಕ್ಕ ಪುಸ್ತಕಗಳು ಎರಡು ದಿನಕ್ಕೆ ಸರಿ, ಅದಕ್ಕಿಂತ ಹೆಚ್ಚಿಗೆ ಸಾಲುವುದಿಲ್ಲ.

ಹಂತ 2: ನೀವು ಅಲ್ಲಿ ಏನು ಮಾಡುತ್ತೀರಿ ಅಂತ ನಿಜ ಹೇಳಿಕೊಳ್ಳಿ

ಒಂದು ಹಳೆಯ ಚರ್ಚ್ ಒಳಗೆ ಹೋದರೆ ನೀವು ಎಷ್ಟು ಹೊತ್ತು ನಿಲ್ಲುತ್ತೀರಿ? ಹತ್ತು ನಿಮಿಷ ನೋಡಿ, ಫೋಟೊ ತೆಗೆದು ಹೊರಬಂದು ಕಾಫಿ ಕುಡಿಯುವವರಾ? ಅಥವಾ ಪ್ರತಿ ಕಂಬದ ಮುಂದೂ ನಿಂತು ಇದು ಯಾರದ್ದು, ಯಾಕೆ ಇಲ್ಲಿದೆ ಅಂತ ಕೇಳುವವರಾ? ಎರಡರಲ್ಲೂ ತಪ್ಪಿಲ್ಲ. ಆದರೆ ಇಬ್ಬರಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ಜೊತೆಗೆ ಮಕ್ಕಳಿದ್ದಾರಾ, ವಯಸ್ಸಾದವರಿದ್ದಾರಾ, ಕಾರು ಓಡಿಸುತ್ತೀರಾ, ಬೆಟ್ಟ ಹತ್ತುತ್ತೀರಾ, ಊಟವೇ ಮುಖ್ಯವಾ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ಹಂತ 3: ಸರಣಿಗಳ ಸ್ವಭಾವ ತಿಳಿದುಕೊಳ್ಳಿ

ಗೈಡ್‌ಬುಕ್‌ನಲ್ಲಿ ಬರೆದವರ ಹೆಸರಿಗಿಂತ ಸರಣಿಯ ಹೆಸರು ಮುಖ್ಯ. ಪ್ರತಿ ಸರಣಿಗೂ ಅದರದೇ ಕಣ್ಣು ಇರುತ್ತದೆ. ಇಂಗ್ಲಿಷ್‌ನಲ್ಲಿ ಸುಲಭವಾಗಿ ಸಿಗುವವುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಲೋನ್ಲಿ ಪ್ಲಾನೆಟ್ 1973ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಬೆನ್ನಿಗೆ ಚೀಲ ಹಾಕಿಕೊಂಡು ಕಡಿಮೆ ಖರ್ಚಿನಲ್ಲಿ ಸುತ್ತುವವರಿಗಾಗಿ ಹುಟ್ಟಿದ ಪುಸ್ತಕ. ವ್ಯಾಪ್ತಿ ದೊಡ್ಡದು, ಮೂಲೆಯ ಊರುಗಳೂ ಸಿಗುತ್ತವೆ. ಆದರೆ ಇತ್ತೀಚಿನ ಆವೃತ್ತಿಗಳ ರೂಪ ಬದಲಾಗಿದೆ. ಹೋಟೆಲ್, ರೆಸ್ಟೋರೆಂಟ್‌ಗಳ ಉದ್ದನೆಯ ಪಟ್ಟಿ ಕಡಿಮೆಯಾಗಿ, ಚಿತ್ರ ಮತ್ತು ಅನುಭವಗಳ ಬರಹ ಜಾಸ್ತಿಯಾಗಿದೆ. ಹಳೆಯದನ್ನು ಬಳಸಿ ಇಷ್ಟಪಟ್ಟವರು ಹೊಸದನ್ನು ಕಣ್ಣುಮುಚ್ಚಿ ಆರ್ಡರ್ ಮಾಡಬೇಡಿ. ಒಳಪುಟ ನೋಡಿಯೇ ಕೊಳ್ಳಿ.

ರಫ್ ಗೈಡ್ಸ್ 1982ರಲ್ಲಿ ಗ್ರೀಸ್ ಪುಸ್ತಕದೊಂದಿಗೆ ಶುರುವಾಯಿತು. ಇತಿಹಾಸ, ರಾಜಕೀಯ, ಸಮಾಜ ಇವುಗಳ ಬಗ್ಗೆ ಸ್ವಲ್ಪ ಆಳವಾಗಿ ಬರೆಯುವ ಹಳೆಯ ಅಭ್ಯಾಸ ಅದಕ್ಕಿದೆ. ರೈಲಿನಲ್ಲಿ ಕೂತು ಓದಲು ಇಷ್ಟಪಡುವವರಿಗೆ ಒಳ್ಳೆಯದು.

ರಿಕ್ ಸ್ಟೀವ್ಸ್ ಅಮೆರಿಕದವರು, ಅವರ ಪುಸ್ತಕಗಳು ಯುರೋಪಿಗಷ್ಟೇ ಮೀಸಲು. ಕೆಲವೇ ಊರುಗಳನ್ನು ಆರಿಸಿಕೊಂಡು ಅವನ್ನು ಪೂರ್ತಿ ಬಿಡಿಸುತ್ತಾರೆ: ನಿಲ್ದಾಣದಿಂದ ಹೊರಬಂದ ಮೇಲೆ ಎಡಕ್ಕೋ ಬಲಕ್ಕೋ, ಯಾವ ಮ್ಯೂಸಿಯಂಗೆ ಯಾವ ಹೊತ್ತು, ಯಾವುದಕ್ಕೆ ಮೊದಲೇ ಬುಕ್ ಮಾಡಬೇಕು. ಒಂದು ಬೀದಿಯಿಂದ ಇನ್ನೊಂದಕ್ಕೆ ಕೈಹಿಡಿದು ನಡೆಸುವ ಹಾಗೆ ಬರೆದಿರುತ್ತಾರೆ. ಇದು ಚೆನ್ನಾಗಿಲ್ಲ, ಬಿಡಿ ಅಂತ ನೇರವಾಗಿ ಹೇಳುವ ಗುಣ ನನಗೆ ತುಂಬ ಇಷ್ಟ. ಮೊದಲ ಸಲ ರೋಮ್, ಫ್ಲಾರೆನ್ಸ್, ವೆನಿಸ್‌ಗೆ ಹೋಗುವವರು ಒಂದೇ ಪುಸ್ತಕ ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅವರು ಆರಿಸದ ಊರು ನಿಮ್ಮ ದಾರಿಯಲ್ಲಿದ್ದರೆ ಅದರ ಬಗ್ಗೆ ಒಂದು ಸಾಲೂ ಸಿಗದೆ ಹೋಗಬಹುದು. ನಿಮ್ಮ ಹಾಳೆಯನ್ನೂ ಪುಸ್ತಕದ ಪರಿವಿಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಡಿಕೆ ಐವಿಟ್ನೆಸ್ ಚಿತ್ರಗಳ ಪುಸ್ತಕ. ಕಟ್ಟಡವನ್ನು ಸೀಳಿ ಒಳಗೇನಿದೆ ಅಂತ ತೋರಿಸುವ ರೇಖಾಚಿತ್ರಗಳಿಗೆ ಇದು ಹೆಸರುವಾಸಿ. ಮಕ್ಕಳಿಗೆ, ಕಣ್ಣಲ್ಲಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನುಣುಪು ಕಾಗದ, ಹಾಗಾಗಿ ತೂಕ ಜಾಸ್ತಿ. ಬಸ್ಸು, ರೈಲಿನ ವಿವರ ಕಡಿಮೆ.

ಬ್ಲೂ ಗೈಡ್ 1918ರಿಂದ ಇದೆ. ಚಿತ್ರಕಲೆ, ಶಿಲ್ಪ, ಕಟ್ಟಡ ಇವೇ ಅದರ ಜೀವ. ಒಂದು ಚಿಕ್ಕ ಊರಿನ ಚರ್ಚಿನ ಎಡಗಡೆಯ ಮೂರನೆಯ ಚಾಪೆಲ್‌ನಲ್ಲಿ (ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ) ಯಾರ ಚಿತ್ರ ಇದೆ ಅನ್ನುವಷ್ಟು ವಿವರ ಸಿಗುತ್ತದೆ. ಹೋಟೆಲ್, ಊಟದ ಸಲಹೆ ನಾಮಕಾವಸ್ತೆ. ಕಲೆಯ ಹುಚ್ಚಿರುವವರು ಇದನ್ನು ಬಿಟ್ಟು ಹೋಗಬೇಡಿ.

ಮಿಶೆಲಿನ್ ಹೆಸರಿನಲ್ಲಿ ಎರಡು ಬಗೆ ಇವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕೆಂಪು ಪುಸ್ತಕ ರೆಸ್ಟೋರೆಂಟ್, ಹೋಟೆಲ್‌ಗಳದ್ದು. ಹಸಿರು ಪುಸ್ತಕ ನೋಡುವ ಜಾಗಗಳದ್ದು. ಹಸಿರಿನಲ್ಲಿಯೂ ನಕ್ಷತ್ರಗಳಿವೆ. ಮೂರು ನಕ್ಷತ್ರ ಅಂದರೆ ಅದನ್ನು ನೋಡಲೆಂದೇ ಪ್ರಯಾಣ ಮಾಡಬಹುದು, ಎರಡು ಅಂದರೆ ದಾರಿ ಬಳಸಿಯಾದರೂ ಹೋಗಬಹುದು, ಒಂದು ಅಂದರೆ ಆಸಕ್ತಿ ಹುಟ್ಟಿಸುವಂಥದ್ದು. ಕಾರಿನಲ್ಲಿ ಊರಿಂದೂರಿಗೆ ಹೋಗುವವರಿಗೆ ಈ ನಕ್ಷತ್ರ ನೋಡಿ ತಕ್ಷಣ ತೀರ್ಮಾನ ಮಾಡಲು ಸುಲಭ.

ಹೆಚ್ಚು ಜನ ಹೋಗದ ಪ್ರಾಂತ್ಯಗಳಿಗೆ ಬ್ರಾಟ್ ಸರಣಿ ನೋಡಿ. ಅಬ್ರುಜ್ಜೊ, ಫ್ರಿಯೂಲಿ, ಎಮಿಲಿಯಾ-ರೊಮಾನ್ಯಾ ಇವಕ್ಕೆ ಪ್ರತ್ಯೇಕ ಪುಸ್ತಕ ಮಾಡಿರುವವರು ಅವರು. ಡೊಲೊಮೈಟ್ಸ್ ಬೆಟ್ಟಗಳಲ್ಲಿ ನಡೆಯುವವರಿಗೆ ಸಿಸೆರೋನೆ ಅನ್ನುವ ಬ್ರಿಟಿಷ್ ಪ್ರಕಾಶನ ಇದೆ. ದಿನಕ್ಕೆಷ್ಟು ದೂರ, ಎಷ್ಟು ಏರು, ರಾತ್ರಿ ತಂಗುವ ರಿಫ್ಯೂಜಿಯೊ ಎಲ್ಲಿ ಅಂತ ಬರೆದಿರುತ್ತದೆ. ಸಾಮಾನ್ಯ ಗೈಡ್‌ಬುಕ್ ನಂಬಿ ಅಲ್ಲಿ ಬೆಟ್ಟ ಹತ್ತಬೇಡಿ.

ಇಟಾಲಿಯನ್ ಓದಬಲ್ಲವರಿಗೆ ಮಿಲಾನಿನ ತೂರಿಂಗ್ ಕ್ಲಬ್ ಇತಾಲಿಯಾನೊ ಇದೆ. 1894ರಲ್ಲಿ ಸೈಕಲ್ ಸವಾರರು ಸೇರಿ ಕಟ್ಟಿದ ಸಂಸ್ಥೆ. ಅವರ ಕೆಂಪು ಗೈಡ್‌ಗಳಷ್ಟು ವಿವರ ಬೇರೆಲ್ಲೂ ಇಲ್ಲ. ಓದಲು ಬಾರದಿದ್ದರೂ ಅವರ ರಸ್ತೆ ನಕ್ಷೆಗಳನ್ನು ಯಾರು ಬೇಕಾದರೂ ಬಳಸಬಹುದು.

ಹಂತ 4: ಪುಸ್ತಕಕ್ಕೆ ನಿಜವಾಗಿ ಎಷ್ಟು ವಯಸ್ಸು?

ಇದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ನೋಡದೇ ಇರುವುದೂ ಇದನ್ನೇ. ಮುಖಪುಟದ ಮೇಲಿನ ವರ್ಷ ನಂಬಬೇಡಿ. ಒಳಗೆ ಹಕ್ಕುಸ್ವಾಮ್ಯದ ಪುಟ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಅಲ್ಲಿ ಎಷ್ಟನೆಯ ಆವೃತ್ತಿ, ಯಾವ ತಿಂಗಳು, ಯಾವ ವರ್ಷ ಅಂತ ಇರುತ್ತದೆ. ಮರುಮುದ್ರಣ ಬೇರೆ, ಹೊಸ ಆವೃತ್ತಿ ಬೇರೆ. ಮರುಮುದ್ರಣ ಅಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿರುವುದು. ಇನ್ನೊಂದು ವಿಷಯ: ಬರೆದವರು ಊರು ಸುತ್ತಿ, ಬರೆದು, ತಿದ್ದಿ, ಅಚ್ಚಾಗಿ ಅಂಗಡಿಗೆ ಬರುವ ಹೊತ್ತಿಗೆ ತಿಂಗಳುಗಟ್ಟಲೆ ಕಳೆದಿರುತ್ತದೆ. ಹೊಚ್ಚ ಹೊಸ ಪುಸ್ತಕವೂ ಒಳಗೆ ಸ್ವಲ್ಪ ಹಳತಾಗಿಯೇ ಇರುತ್ತದೆ.

ಇಟಲಿಯ ಪುಸ್ತಕದ ವಯಸ್ಸು ಕಂಡುಹಿಡಿಯಲು ಒಳ್ಳೆಯ ಗುರುತುಗಳಿವೆ. ಅಂಗಡಿಯಲ್ಲೇ ನಿಂತು ಐದು ನಿಮಿಷದಲ್ಲಿ ನೋಡಬಹುದು.

ರೋಮ್‌ನ ಪ್ಯಾಂಥಿಯನ್ ಪುಟ ತೆಗೆಯಿರಿ. ಪ್ರವೇಶ ಉಚಿತ ಅಂತ ಇದ್ದರೆ ಅದು 2023ರ ಜುಲೈಗಿಂತ ಮುಂಚಿನ ಮಾಹಿತಿ. ಆಗಿನಿಂದ 5 ಯೂರೊ ಟಿಕೆಟ್ ಬಂತು.

ಕೊಲೋಸಿಯಂ ಪುಟ ನೋಡಿ. ಟಿಕೆಟ್ ಮೇಲೆ ಒಬ್ಬೊಬ್ಬರ ಹೆಸರೂ ಇರಬೇಕು, ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು ಅಂತ ಬರೆದಿದೆಯಾ? ಈ ನಿಯಮ ಬಂದದ್ದು 2023ರ ಅಕ್ಟೋಬರ್‌ನಲ್ಲಿ.

ವೆನಿಸ್ ಅಧ್ಯಾಯದಲ್ಲಿ ಒಂದು ದಿನಕ್ಕೆ ಬಂದು ಹೋಗುವವರ ಶುಲ್ಕದ ಮಾತಿದೆಯಾ ನೋಡಿ. 2024ರ ಏಪ್ರಿಲ್ 25ರಂದು ಶುರುವಾದದ್ದು, ಆ ವರ್ಷ 5 ಯೂರೊ ಇತ್ತು. ಮರುವರ್ಷ ಕೊನೆಗಳಿಗೆಯಲ್ಲಿ ಕಟ್ಟುವವರಿಗೆ 10 ಯೂರೊ ಮಾಡಿದರು. ವರ್ಷದ ಎಲ್ಲ ದಿನವೂ ಇಲ್ಲ, ಜನ ಕಿಕ್ಕಿರಿಯುವ ಕೆಲವು ದಿನಗಳಿಗೆ ಮಾತ್ರ. ಊರಿನೊಳಗೆ ರಾತ್ರಿ ತಂಗುವವರು ಇದನ್ನು ಕಟ್ಟಬೇಕಿಲ್ಲ, ಅವರು ಹೋಟೆಲಿನಲ್ಲಿ ತಂಗುವ ತೆರಿಗೆ ಕೊಡುತ್ತಾರೆ. ಆದರೆ ವಿನಾಯಿತಿಯನ್ನು ಮೊದಲೇ ದಾಖಲಿಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಚಿಂಕ್ವೆ ತೆರ್ರೆಯದ್ದು. ಸಮುದ್ರದಂಚಿನ ಐದು ಹಳ್ಳಿಗಳಲ್ಲಿ ರಿಯೊಮಜ್ಜೊರೆಯಿಂದ ಮನರೋಲಾಗೆ ಬಂಡೆಯಂಚಿನಲ್ಲಿ ವಿಯಾ ದೆಲ್ಲಮೋರೆ ಅನ್ನುವ ಕಾಲುದಾರಿ ಇದೆ. 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದು, 2024ರ ಬೇಸಿಗೆಯಲ್ಲಿ ಮತ್ತೆ ತೆರೆಯಿತು. ದಾರಿ ಮುಚ್ಚಿದೆ ಅಂತ ಇದ್ದರೆ ಪುಸ್ತಕ ಹಳೆಯದು. ತೆರೆದಿದೆ, ಆದರೆ ಹಣ ಕೊಟ್ಟು ಸಮಯ ಬುಕ್ ಮಾಡಬೇಕು ಅಂತ ಇದ್ದರೆ ಹೊಸದು. ಮುಚ್ಚಿದ್ದರ ಸುದ್ದಿಯೇ ಇಲ್ಲದೆ ಸುಮ್ನೆ ಸುಂದರ ದಾರಿ ಅಂತ ಹೊಗಳಿದ್ದರೆ ಒಂದೋ ಅದು ತೀರಾ ಹಳೆಯದು, ಇಲ್ಲವೇ ಬರೆದವರು ಅಲ್ಲಿಗೆ ಹೋಗಿಲ್ಲ. ಎರಡೂ ಸಂದರ್ಭದಲ್ಲಿ ಕೆಳಗಿಡಿ.

ಹಾಗಂತ ಹಳೆಯ ಪುಸ್ತಕವೆಲ್ಲ ವ್ಯರ್ಥ ಅಂತಲ್ಲ. ರವೆನ್ನಾದ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್‌ಗಳು ಆರನೆಯ ಶತಮಾನದವು, ಅವುಗಳ ಬಗ್ಗೆ ಹದಿನೈದು ವರ್ಷದ ಹಿಂದೆ ಬರೆದದ್ದೂ ಇವತ್ತಿಗೆ ಸರಿಯೇ. ಕಲೆ, ಇತಿಹಾಸದ ಪುಸ್ತಕವನ್ನು ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಕೊಳ್ಳಿ. ರೈಲು, ಟಿಕೆಟ್, ಬುಕಿಂಗ್ ಬಗ್ಗೆ ನಂಬುವ ಪುಸ್ತಕ ಮಾತ್ರ ಎರಡು ವರ್ಷಕ್ಕಿಂತ ಹಳತಾಗಿರಬಾರದು.

ಹಂತ 5: ಒಂದೇ ಜಾಗ, ಮೂರು ಪುಸ್ತಕ

ಇಷ್ಟು ಹೊತ್ತಿಗೆ ನಿಮ್ಮ ಮುಂದೆ ಎರಡೋ ಮೂರೋ ಪುಸ್ತಕ ಉಳಿದಿರುತ್ತವೆ. ಈಗ ಅವುಗಳ ನಡುವೆ ಪರೀಕ್ಷೆ. ನೀವು ಖಂಡಿತ ಹೋಗುವ ಒಂದು ಜಾಗ ಆರಿಸಿ, ಅದೇ ಜಾಗದ ಪುಟವನ್ನು ಎಲ್ಲದರಲ್ಲೂ ಓದಿ. ಗ್ರಂಥಾಲಯದಲ್ಲಿ ಮಾಡಿದರೆ ಇನ್ನೂ ನಿಧಾನವಾಗಿ ಓದಬಹುದು. ಆನ್‌ಲೈನ್ ಅಂಗಡಿಗಳಲ್ಲಿ ಇ-ಬುಕ್ ಮಾದರಿ ಪುಟಗಳೂ ಸಿಗುತ್ತವೆ, ಆದರೆ ಅವು ಹೆಚ್ಚಾಗಿ ಮುನ್ನುಡಿಯಲ್ಲೇ ಮುಗಿದುಹೋಗುತ್ತವೆ.

ಕೊಲೋಸಿಯಂ, ಪೀಸಾ ಗೋಪುರ ಆರಿಸಬೇಡಿ. ಅವುಗಳ ಬಗ್ಗೆ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ನಾನು ಆರಿಸುವುದು ಪಾದುವಾದ ಸ್ಕ್ರೊವೆನ್ಯಿ ಚಾಪೆಲ್. ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಜೊತ್ತೊ ಅನ್ನುವ ಚಿತ್ರಕಾರ ಸುಮಾರು 1305ರ ಹೊತ್ತಿಗೆ ಅದರ ಗೋಡೆ ತುಂಬ ಚಿತ್ರ ಬರೆದು ಮುಗಿಸಿದ. ಪುಸ್ತಕ ನಿಮಗೆ ಏನು ಕೊಡುತ್ತದೆ ನೋಡಿ.

ಮೊದಲು ಕೆಲಸಕ್ಕೆ ಬರುವ ಮಾಹಿತಿ. ಬುಕಿಂಗ್ ಕಡ್ಡಾಯ ಅಂತ ಹೇಳಿದೆಯಾ? ಒಳಗೆ ಬಿಡುವ ಮುಂಚೆ ಗಾಳಿಯ ತೇವ ಸರಿಹೊಂದಿಸುವ ಕೋಣೆಯಲ್ಲಿ ಕಾಲು ಗಂಟೆ ಕೂರಿಸುತ್ತಾರೆ, ಆಮೇಲೆ ಒಳಗೆ ಸಿಗುವುದೂ ಸಾಮಾನ್ಯವಾಗಿ ಕಾಲು ಗಂಟೆಯೇ. ಇದನ್ನು ಹೇಳಿದೆಯಾ? ಕಾಲು ಗಂಟೆ ಅಂತ ಗೊತ್ತಿದ್ದವರು ಮೊದಲೇ ಓದಿಕೊಂಡು ಹೋಗುತ್ತಾರೆ. ಗೊತ್ತಿಲ್ಲದವರು ತಲೆಯೆತ್ತಿ ನೀಲಿ ಚಾವಣಿಯ ಚಿನ್ನದ ನಕ್ಷತ್ರ ನೋಡುತ್ತಿರುವಾಗಲೇ ಸಮಯ ಮುಗಿಯುತ್ತದೆ.

ಆಮೇಲೆ ಏನನ್ನು ನೋಡಬೇಕು ಅಂತ ಹೇಳುವ ಬಗೆ. ಒಂದು ಪುಸ್ತಕ 'ಪಾಶ್ಚಾತ್ಯ ಕಲೆಯ ಮೇರುಕೃತಿ' ಅಂತ ಬರೆದು ಸುಮ್ಮನಾಗುತ್ತದೆ. ಅದರಿಂದ ನಿಮಗೇನೂ ಸಿಗಲಿಲ್ಲ. ಇನ್ನೊಂದು, ಶಿಷ್ಯ ಯೂದ ಯೇಸುವಿಗೆ ದ್ರೋಹದ ಮುತ್ತು ಕೊಡುವ ಚಿತ್ರ ನೋಡಿ, ಯೂದನ ಹಳದಿ ಮೇಲಂಗಿ ಯೇಸುವನ್ನು ಹೇಗೆ ಸುತ್ತಿಕೊಂಡಿದೆ, ಇಬ್ಬರ ಕಣ್ಣು ಹೇಗೆ ಎದುರಾಗಿದೆ ಅಂತ ತೋರಿಸುತ್ತದೆ. ಚಾಪೆಲ್ ಕಟ್ಟಿಸಿದ ಎನ್ರಿಕೊ ಸ್ಕ್ರೊವೆನ್ಯಿಯ ಅಪ್ಪ ಬಡ್ಡಿ ವ್ಯಾಪಾರಿ, ಕವಿ ದಾಂತೆ ತನ್ನ ಕಾವ್ಯದಲ್ಲಿ ಅವನನ್ನು ನರಕದಲ್ಲಿ ಕೂರಿಸಿದ್ದಾನೆ, ಮಗ ಅಂತಿಮ ತೀರ್ಪಿನ ಚಿತ್ರದಲ್ಲಿ ಮಂಡಿಯೂರಿ ಚಾಪೆಲನ್ನು ಒಪ್ಪಿಸುತ್ತಿರುವುದು ಬಾಗಿಲಿನ ಮೇಲಿನ ಗೋಡೆಯಲ್ಲಿ ಕಾಣುತ್ತದೆ ಅಂತ ಕಥೆಯನ್ನೂ ಹೇಳುತ್ತದೆ. ಇಂಥ ಪುಸ್ತಕ ಕೈಯಲ್ಲಿದ್ದರೆ ಆ ಕಾಲು ಗಂಟೆ ಜೀವನಪೂರ್ತಿ ನೆನಪಿರುತ್ತದೆ. ಬರೆದವರು ಅಲ್ಲಿ ನಿಂತು ನೋಡಿದ್ದಾರೋ ಇಲ್ಲವೋ ಅನ್ನುವುದು ಇಂಥ ಒಂದೇ ಪ್ಯಾರಾದಲ್ಲಿ ಗೊತ್ತಾಗಿಬಿಡುತ್ತದೆ.

ಇನ್ನೊಂದು ಚಿಕ್ಕ ಪರೀಕ್ಷೆ. ಪುಸ್ತಕದ ಯಾವುದೋ ಎರಡು ಪುಟ ತೆಗೆದು, ಬರೆದವರು ಯಾವುದಾದರೂ ಜಾಗವನ್ನು ಬೇಡ ಅಂದಿದ್ದಾರಾ ಹುಡುಕಿ. ಪ್ರತಿ ಊರೂ ಮನಮೋಹಕ, ಪ್ರತಿ ಚೌಕವೂ ಜೀವಂತ ಅಂತ ಇದ್ದರೆ ಆ ಪುಸ್ತಕ ನಿಮಗೆ ಆರಿಸಲು ಸಹಾಯ ಮಾಡುವುದಿಲ್ಲ. ನಿಮ್ಮ ಹತ್ತಿರ ಇರುವುದು ಹತ್ತೋ ಹನ್ನೆರಡೋ ದಿನ, ಬೇಡ ಅನ್ನುವ ಧೈರ್ಯ ಇರುವ ಪುಸ್ತಕವೇ ಅವನ್ನು ಉಳಿಸಿಕೊಡುತ್ತದೆ.

ಹಂತ 6: ದಿನನಿತ್ಯದ ವಿಷಯ ಎಷ್ಟು ಗೊತ್ತಿದೆ?

ಸಾಮಾನ್ಯವಾಗಿ ಪುಸ್ತಕದ ಕೊನೆಯಲ್ಲಿರುವ ಈ ಭಾಗವನ್ನು ಯಾರೂ ಕೊಳ್ಳುವ ಮುಂಚೆ ಓದುವುದಿಲ್ಲ. ಓದಿ. ಇಟಲಿಗೆ ಸಂಬಂಧಪಟ್ಟಂತೆ ನಾನು ಹುಡುಕುವ ವಿಷಯಗಳು ಇವು.

ರೈಲು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಮರೆತರೆ ದಂಡ. ಫೋನಿನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್‌ಗೆ ಹತ್ತುವ ಮುಂಚೆ ಆನ್‌ಲೈನ್ ಚೆಕ್-ಇನ್ ಮಾಡಬೇಕು. ಸೀಟು ಗೊತ್ತಾಗಿರುವ ವೇಗದ ರೈಲಿಗೆ ಈ ಗೋಜಿಲ್ಲ. ವೇಗದ ರೈಲು ಓಡಿಸುವ ಕಂಪನಿಗಳು ಎರಡು, ಸರ್ಕಾರಿ ಟ್ರೆನಿತಾಲಿಯಾ ಮತ್ತು 2012ರಿಂದ ಓಡುತ್ತಿರುವ ಖಾಸಗಿ ಇತಾಲೊ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಇಷ್ಟನ್ನೂ ಅರ್ಧ ಪುಟದಲ್ಲಿ ಸ್ಪಷ್ಟವಾಗಿ ಹೇಳಿದ್ದರೆ ಪುಸ್ತಕಕ್ಕೆ ಒಳ್ಳೆಯ ಅಂಕ.

ಕಾರು. ಜೆಡ್‌ಟಿಎಲ್ (ZTL, ವಾಹನ ನಿರ್ಬಂಧದ ಪ್ರದೇಶ) ಅನ್ನುವ ಮೂರಕ್ಷರದ ವಿವರ ಇಲ್ಲದ ಪುಸ್ತಕ ಕಾರಿನವರಿಗೆ ಬೇಡವೇ ಬೇಡ. ಹಳೆಯ ಊರಿನ ಒಳಭಾಗಕ್ಕೆ ಪರವಾನಗಿ ಇಲ್ಲದ ವಾಹನ ಹೋಗಬಾರದು, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಚೀಟಿ ನೀವು ವಾಪಸಾಗಿ ತಿಂಗಳುಗಳ ನಂತರ ಬಾಡಿಗೆ ಕಂಪನಿಯ ಮೂಲಕ ಬರಬಹುದು.

ಬಾಗಿಲು ತೆರೆಯುವ ದಿನಗಳು. ಫ್ಲಾರೆನ್ಸ್‌ನ ಉಫಿಜಿ ಕಲಾ ಮ್ಯೂಸಿಯಂ ಸೋಮವಾರ ರಜೆ, ರೋಮ್‌ನ ಬೊರ್ಗೇಸೆ ಗ್ಯಾಲರಿಯೂ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ಮಾತ್ರ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಉಚಿತ, ಹಾಗಾಗಿ ಅವತ್ತು ಗಲಾಟೆಯೂ ಜಾಸ್ತಿ. ಚಿಕ್ಕ ಊರುಗಳ ಚರ್ಚುಗಳು ಮಧ್ಯಾಹ್ನ ಮುಚ್ಚುತ್ತವೆ. ಆಗಸ್ಟ್ 15ರ ಫೆರ್ರಗೋಸ್ತೊ ಹಬ್ಬದ ಆಸುಪಾಸು ಊರಿನವರೇ ರಜೆಗೆ ಹೋಗಿ ಎಷ್ಟೋ ಅಂಗಡಿ, ಹೋಟೆಲು ಬಾಗಿಲು ಹಾಕಿರುತ್ತವೆ. ಇವನ್ನು ಸೇರಿಸಿ ವಾರದ ಲೆಕ್ಕ ಹಾಕಿಕೊಡುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಊಟ. ಕೊಪೆರ್ತೊ ಅಂದರೆ ಟೇಬಲ್ಲಿಗೆ ಕೂತಿದ್ದಕ್ಕೆ ತಲೆಗಿಷ್ಟು ಅಂತ ಬಿಲ್ಲಿನಲ್ಲಿ ಸೇರಿಸುವ ಹಣ, ಅದು ಮೋಸ ಅಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಇನ್ನೊಂದು. ಸಸ್ಯಾಹಾರಿಗಳು ಪುಸ್ತಕದಲ್ಲಿ ಒಂದು ವಿಷಯ ಹುಡುಕಿ: ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ. ಇದನ್ನು ಹೇಳುವ ಪುಸ್ತಕ ಸಸ್ಯಾಹಾರಿಗಳ ಬಗ್ಗೆ ನಿಜವಾಗಿ ಯೋಚಿಸಿದೆ ಅಂತ ಅರ್ಥ. ನೇಪಲ್ಸ್‌ನ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇರುವುದಿಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಊಟವೇ ಮುಖ್ಯ ಅನ್ನುವವರಿಗೆ ಯಾವ ಸಾಮಾನ್ಯ ಗೈಡ್‌ಬುಕ್ಕೂ ಸಾಲದು. ಬ್ರಾ ಊರಿನಲ್ಲಿ ಹುಟ್ಟಿದ ಸ್ಲೋ ಫುಡ್ ಚಳವಳಿಯವರು ಪ್ರತಿ ವರ್ಷ ತರುವ ಓಸ್ತೆರಿಗಳ (ಸಾದಾ ಊಟದ ಮನೆಗಳ) ಪುಸ್ತಕ ಇದೆ, ಊರಿನವರೇ ತಿನ್ನುವ ಜಾಗಗಳು ಅದರಲ್ಲಿರುತ್ತವೆ.

ಹಂತ 7: ನಕ್ಷೆ

ಫೋನಿನ ಮ್ಯಾಪ್ ಇದ್ದರೂ ಪುಸ್ತಕದ ನಕ್ಷೆ ನೋಡಿ. ಪಠ್ಯದಲ್ಲಿ ಬರುವ ಜಾಗದ ಸಂಖ್ಯೆ ನಕ್ಷೆಯಲ್ಲೂ ಇರಬೇಕು, ಒಂದು ಊರಿನ ಮುಖ್ಯ ಜಾಗಗಳೆಲ್ಲ ಒಂದೇ ನೋಟಕ್ಕೆ ಕಾಣಬೇಕು. ಯಾವುದು ಯಾವುದರ ಪಕ್ಕ ಇದೆ ಅಂತ ತಿಳಿದು ದಿನದ ಯೋಜನೆ ಮಾಡಲು ಇದೇ ಬೇಕಾಗುವುದು. ವೆನಿಸ್‌ನಲ್ಲಂತೂ ದೋಣಿ ನಿಲ್ದಾಣಗಳು ನಕ್ಷೆಯಲ್ಲಿ ಇರಲೇಬೇಕು. ಬೆಟ್ಟಕ್ಕೆ ಹೋಗುವವರು 1:25,000 ಅಳತೆಯ ಪ್ರತ್ಯೇಕ ನಕ್ಷೆ ಕೊಳ್ಳಿ, ಡೊಲೊಮೈಟ್ಸ್‌ಗೆ ತಬಾಕೊ ನಕ್ಷೆಗಳು ಚೆನ್ನಾಗಿವೆ.

ಹಂತ 8: ಕಾಗದವೋ ಇ-ಬುಕ್ಕೋ

ಓದಲು, ಪುಟ ಹಿಂದೆಮುಂದೆ ತಿರುಗಿಸಲು ಕಾಗದ. ಹೆಸರು ಹುಡುಕಲು, ಭಾರ ಉಳಿಸಲು ಇ-ಬುಕ್. ನಾನು ಕಾಗದದ ಕಡೆ. ಇ-ಬುಕ್‌ನಲ್ಲಿ ನಕ್ಷೆಗಳು ಫೋನಿನ ಪರದೆಗೆ ಕುಗ್ಗಿ ಓದಲಾಗದಂತೆ ಆಗುತ್ತವೆ, ಕಪ್ಪುಬಿಳುಪಿನ ಇ-ರೀಡರ್‌ನಲ್ಲಿ ಚಿತ್ರಗಳ ಪುಸ್ತಕ ಪೂರ್ತಿ ಸಪ್ಪೆ. ದಪ್ಪ ಪುಸ್ತಕ ಹೊರಲು ಇಷ್ಟವಿಲ್ಲದಿದ್ದರೆ ಬೇಕಾದ ಅಧ್ಯಾಯಗಳನ್ನು ಬ್ಲೇಡಿನಿಂದ ಬೆನ್ನಿನ ಹತ್ತಿರ ಕತ್ತರಿಸಿ, ಅಂಚಿಗೆ ಅಂಟಿನ ಟೇಪ್ ಹಾಕಿ, ಒಂದೊಂದು ಊರಿಗೆ ಒಂದೊಂದು ಚಿಕ್ಕ ಪುಸ್ತಿಕೆ ಮಾಡಿಕೊಳ್ಳಿ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಮಾಡಿ.

ಎರಡು ಪುಸ್ತಕ ಕೊಳ್ಳುವ ಅನುಕೂಲ ಇದ್ದರೆ ನನ್ನ ಸಲಹೆ: ದಾರಿ, ಟಿಕೆಟ್ ಹೇಳುವ ಹೊಸ ಪುಸ್ತಕ ಒಂದು, ಕಲೆ, ಇತಿಹಾಸ ಹೇಳುವ ಹಳೆಯದೊಂದು. ಒಂದೇ ಬಗೆಯ ಎರಡು ಪುಸ್ತಕ ಬೇಡ.

ಹಂತ 9: ಕೊಂಡ ಮೇಲೆ ತಕ್ಷಣ ಮಾಡಬೇಕಾದದ್ದು

ಪೆನ್ಸಿಲ್ ಹಿಡಿದು ಓದಿ, ಮೊದಲೇ ಬುಕ್ ಮಾಡಬೇಕಾದವುಗಳ ಪಟ್ಟಿ ತೆಗೆಯಿರಿ. ಮಿಲಾನಿನ ಸಾಂತಾ ಮಾರಿಯಾ ದೆಲ್ಲೆ ಗ್ರಾಜಿಯೆ ಚರ್ಚಿನ ಆವರಣದಲ್ಲಿರುವ ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರಕ್ಕೆ ಚಿಕ್ಕ ಗುಂಪುಗಳನ್ನು 15 ನಿಮಿಷಕ್ಕಷ್ಟೇ ಬಿಡುತ್ತಾರೆ, ಅದರ ಟಿಕೆಟ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ಅದರ ದಿನ ಸಿಕ್ಕ ಮೇಲೆ ಉಳಿದ ಪ್ರವಾಸವನ್ನು ಅದಕ್ಕೆ ಹೊಂದಿಸಿ. ಬೊರ್ಗೇಸೆ ಗ್ಯಾಲರಿಯಲ್ಲಿ ಒಂದು ಸರದಿಯವರಿಗೆ ನೋಡಲು ಎರಡು ಗಂಟೆ ಕೊಡುತ್ತಾರೆ. ಫ್ಲಾರೆನ್ಸ್‌ನ ಮುಖ್ಯ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಸಮಯ ಬುಕ್ ಮಾಡಿಯೇ ಹತ್ತಬೇಕು.

ಬೆಲೆ, ಸಮಯ, ರಜೆ ಇವನ್ನು ಪುಸ್ತಕದಿಂದ ತೆಗೆದುಕೊಂಡರೂ ಪ್ರತಿಯೊಂದನ್ನೂ ಆ ಜಾಗದ ಅಧಿಕೃತ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿ. ಹುಡುಕಿದಾಗ ಮೇಲೆ ಬರುವುದು ಹೆಚ್ಚಾಗಿ ದುಬಾರಿ ಬೆಲೆಗೆ ಮರುಮಾರಾಟ ಮಾಡುವವರ ತಾಣ. ಅಧಿಕೃತ ವಿಳಾಸ ಪುಸ್ತಕದಲ್ಲೇ ಅಚ್ಚಾಗಿದ್ದರೆ ಅದನ್ನೇ ಟೈಪ್ ಮಾಡಿ.

ಹೊರಡುವ ವಾರ ಮುಷ್ಕರದ ಪಟ್ಟಿ ನೋಡಿ. ಇಟಲಿಯಲ್ಲಿ ರೈಲು, ಬಸ್ಸು ಮುಷ್ಕರಗಳು ಮೊದಲೇ ಘೋಷಣೆಯಾಗುತ್ತವೆ, ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ದಿನಾಂಕ ಸಿಗುತ್ತದೆ, ಮುಷ್ಕರಕ್ಕೆ ಇಟಾಲಿಯನ್‌ನಲ್ಲಿ ಹೇಳುವ ಶೋಪೆರೊ (sciopero) ಅನ್ನುವ ಪದ ಹುಡುಕಿ. ಕೆಲಸದ ದಿನ ಮುಷ್ಕರ ಬಿದ್ದರೂ ಪ್ರಾದೇಶಿಕ ರೈಲುಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಅಗತ್ಯ ಸೇವೆ ಅಂತ ಕೆಲವು ಖಾತರಿಯಾಗಿ ಓಡುತ್ತವೆ. ನಿಮ್ಮ ಪ್ರಯಾಣದ ದಿನ ಆ ಪಟ್ಟಿಯಲ್ಲಿದ್ದರೆ ಈ ಎರಡು ಹೊತ್ತಿನೊಳಗೆ ಸಿಗುವ ರೈಲಿನ ಸಂಖ್ಯೆಯನ್ನು ಆ ಊರಿನ ಅಧ್ಯಾಯದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.